ನನ್ನ ಕೇಳಬ್ಯಾಡ್ರಿ

ನಿನ್ನ ಮದುವೆಯ ಮಾತು ಮುರಿದವನು ನಾನು. ಜಾತಕ ಕೂಡಲಿಲ್ಲವೆಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದು ನೆಪ. ನೀನು ಅನುಮಾನಪಟ್ಟ, ರೆಸಾರ್ಟಿನ ಅಡುಗೆಮನೆಯ ಆ ಹೆಂಗಸಿಗೂ ಇದಕ್ಕೂ ಸಂಬಂಧವಿಲ್ಲ. ನಾನೇ ಮಾಡಿದೆ, ಬೇಕೆಂದೇ ಮಾಡಿದೆ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ನಿನಗೆ ತಿಳಿಯುತ್ತದೆ, ಅಷ್ಟು ಸಾಕು.

ದಾಂಡೇಲಿಯಾಚೆ ಹೊಳೆದಂಡೆಯ ಆ ರೆಸಾರ್ಟಿನಲ್ಲಿ ನೀನು ರಿಸೆಪ್ಶನ್ ನೋಡಿಕೊಳ್ಳುತ್ತಿದ್ದೆ, ನಾನು ರಾಫ್ಟ್ ನಡೆಸುತ್ತಿದ್ದೆ. ಮಳೆಗಾಲ ಬಂತೆಂದರೆ ರಾಫ್ಟಿಂಗ್ ಬಂದ್. ಅತಿಥಿಗಳಿಲ್ಲ, ಅರ್ಧ ಸಿಬ್ಬಂದಿ ಊರಿಗೆ ಹೋಗಿರುತ್ತಿದ್ದರು. ನಾನು ಶೆಡ್ಡಿನಲ್ಲಿ ಕೂತು ಹರಿದ ರಾಫ್ಟುಗಳಿಗೆ ತೇಪೆ ಹಚ್ಚುತ್ತಿದ್ದೆ, ನೀನು ಎರಡು ಕಪ್ ಚಹಾ ಹಿಡಿದು ಬರುತ್ತಿದ್ದೆ. ಮೊದಲು ಮಾತು, ಆಮೇಲೆ ಚೇಷ್ಟೆ, ಆಮೇಲೆ — ನಮ್ಮಿಬ್ಬರಿಗೂ ಅದು ಎಲ್ಲಿಗೆ ಹೋಗುತ್ತಿದೆಯೆಂದು ಗೊತ್ತಿತ್ತು. ಇಬ್ಬರೂ ಬುದ್ಧಿ ಬಲಿತವರು. ಯಾರೂ ಯಾರನ್ನೂ ಮರುಳು ಮಾಡಲಿಲ್ಲ.

ಮೊದಲ ದಿನವೇ ನೀನು ಹೇಳಿದ್ದೆ: "ನೋಡು, ಇದು ಮದುವಿ ಮಾತಲ್ಲ. ನಿನಗೂ ಬ್ಯಾಡ, ನನಗೂ ಬ್ಯಾಡ. ನನಗ ಸುಳ್ಳ ಹೇಳಬ್ಯಾಡ, ಮಂದಿಗೆ ಖರೇ ಹೇಳಬ್ಯಾಡ. ಇಷ್ಟ ನಡಸಿದರ ಸಾಕು."

ನಾನು ಹೂಂ ಅಂದೆ. ಯಾಕೆ ಅನ್ನಬಾರದು? ಹೊಣೆಯಿಲ್ಲ, ಮನೆಯವರ ಕಾಟವಿಲ್ಲ. ಬಾಯಿಗೆ ಬಂದ ತುತ್ತು ಎಂದುಕೊಂಡೆ — ಈ ಮಾತು ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ, ಆದರೆ ಆಗ ಹಾಗೇ ಅಂದುಕೊಂಡಿದ್ದೆ.

ನಾವು ಮಾಡಿದ್ದು ತಪ್ಪೇ? ಬಹಳ ವರ್ಷ ಇದನ್ನೇ ಹಿಡಿದು ಕೂತಿದ್ದೆ. ತಪ್ಪು ಅಲ್ಲಿದೆ ಎಂದುಕೊಂಡರೆ ನನಗೆ ಅನುಕೂಲ, ಅರ್ಧ ಪಾಲು ನಿನ್ನ ತಲೆಗೆ ಬರುತ್ತದಲ್ಲ. ಆದರೆ ಎಷ್ಟು ಹುಡುಕಿದರೂ ಅಲ್ಲಿ ಸಿಗಲಿಲ್ಲ. ನೀನು ನನಗೆ ಸುಳ್ಳು ಹೇಳಲಿಲ್ಲ, ನಾನೂ ನಿನಗೆ ಹೇಳಲಿಲ್ಲ. ಆ ಶೆಡ್ಡಿನಲ್ಲಿ ನಾವು ನಕ್ಕಷ್ಟು ನಾನು ಬೇರೆಲ್ಲೂ ನಕ್ಕಿಲ್ಲ. ತಪ್ಪು ಆಮೇಲೆ ಬಂತು, ಅದು ನನ್ನೊಬ್ಬನದೇ.

ಗಣಪತಿ ಹಬ್ಬಕ್ಕೆ ಹಳಿಯಾಳಕ್ಕೆ ಹೋಗಿ ಬಂದವಳು ನೇರ ಶೆಡ್ಡಿಗೇ ಬಂದೆ. "ಇನ್ನ ಸಾಕು. ಮುಂಡಗೋಡದ ಕಡೆಯಿಂದ ಒಂದು ಸಂಬಂಧ ಬಂದೈತಿ. ಸಾಲಿ ಮಾಸ್ತರ. ಮಾತಾಡಿ ನೋಡೇನಿ — ನನಗ ಮನಸಿಗೆ ಬಂದಾನ."

"ಚೊಲೋ ಆತು ಬಿಡು" ಅಂದೆ. ನಕ್ಕೆ ಕೂಡ.

ನೀನು ಹೋದ ಮೇಲೆ ತೇಪೆಯ ಗೋಂದು ಕೈಯಲ್ಲೇ ಒಣಗಿತು. ಇದು ಮದುವೆಯ ಮಾತಲ್ಲ ಎಂದು ನೀನಂದಾಗ ಒಪ್ಪಿದವನು ನಾನೇ ಅಲ್ಲವೇ. ಆದರೆ ಒಳಗೆಲ್ಲೋ, ಹೆಂಗಸಾದವಳು ಹಾಗೆ ಅಂದರೂ ಕೊನೆಗೆ ಕಣ್ಣೀರು ಹಾಕುತ್ತಾಳೆ, ಆಗ ನಾನು ದೊಡ್ಡ ಮನಸ್ಸು ಮಾಡಿ ಯೋಚಿಸೋಣ ಎಂದು ಕಾದಿದ್ದೆ. ನೀನು ಅಳಲಿಲ್ಲ. ಆಡಿದ ಮಾತಿನಂತೆ ನಡೆದುಬಿಟ್ಟೆ. ಅದೇ ನನಗೆ ಉರಿಯಿತು.

ಸ್ವಲ್ಪ ದಿನಕ್ಕೆ ಹುಡುಗನ ಸೋದರಮಾವ ವಿಚಾರಣೆಗೆ ಬಂದರು. ನಮ್ಮ ಕಡೆ ಹೆಣ್ಣು ನೋಡಿ ಒಪ್ಪಿದ ಮೇಲೂ ಹೀಗೊಬ್ಬರು ಹಿರಿಯರು ಬರುತ್ತಾರೆ. ಮನೆಗಲ್ಲ, ಕೆಲಸದ ಜಾಗಕ್ಕೆ, ಚಹಾದಂಗಡಿಗೆ. ಪರಿಚಯ ಮಾಡಿಕೊಳ್ಳುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ. ಇಂಥಲ್ಲಿ ಯಾರೂ ಕೆಟ್ಟದ್ದು ಹೇಳುವುದಿಲ್ಲ. ಒಳ್ಳೆಯದು ಹೇಳದೆ ಬಿಡುತ್ತಾರೆ, ಅಷ್ಟೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ನಮ್ಮ ಕಾಕಾನ ಜೊತೆ ತಮ್ಮನಿಗಾಗಿ ಒಂದು ವಿಚಾರಣೆಗೆ ಹೋಗಿದ್ದೆ. ಅಲ್ಲಿನ ಕಿರಾಣಿ ಅಂಗಡಿಯವನು "ನನ್ನ ಕೇಳಬ್ಯಾಡ್ರಿ" ಅಂದದ್ದೇ ತಡ, ಕಾಕಾ ಚಪ್ಪಲಿ ಮೆಟ್ಟಿದರು. ಆ ಹುಡುಗಿಯ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ರೆಸಾರ್ಟಿನ ಎದುರಿನ ಅಂಗಡಿಯಲ್ಲಿ ಆ ಹಿರಿಯರು ನನ್ನ ಪಕ್ಕವೇ ಕೂತರು. ಬಿಳಿ ಟೋಪಿ, ಮೃದು ಮಾತು. ನನಗೆ ಚಹಾ ಹೇಳಿದರು. ನಿನ್ನ ಹೆಸರು ಹೇಳಿ ಕೇಳಿದರು: "ಹುಡುಗಿ ಹೆಂಗಪಾ, ತಮ್ಮಾ?"

ಎಷ್ಟು ಸುಲಭದ ಪ್ರಶ್ನೆ. ಒಂದೇ ಮಾತು ಸಾಕಿತ್ತು.

ನಾನು ಕಪ್ಪಿನ ಕಡೆ ನೋಡಿದೆ. ಸ್ವಲ್ಪ ತಡೆದೆ — ತಡೆಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಆಮೇಲೆ ಅಂದೆ: "ನಾ ಹೊಳ್ಯಾಗ ಕೆಲಸ ಮಾಡಾಂವ್ರಿ. ಅವ್ರ ವಿಷಯ ನನ್ನ ಕೇಳಬ್ಯಾಡ್ರಿ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಚಹಾ ಅರ್ಧ ಬಿಟ್ಟು, ನನ್ನದಕ್ಕೂ ದುಡ್ಡು ಕೊಟ್ಟು, ಹಳಿಯಾಳ ಬಸ್ಸಿಗೆ ಕೈ ಮಾಡಿದರು.

ಮುಂದಿನ ವಾರ ನೀನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬರಲಿಲ್ಲ. "ಬ್ಯಾಡ ಅಂದ್ರಂತ. ಜಾತಕ ಕೂಡಲಿಲ್ಲ ಅನ್ನೂದು ನೆಪ, ಯಾರೋ ಏನೋ ಹೇಳ್ಯಾರ. ನೀ ಏನಾರ...?"

"ಇಲ್ಲ. ನಿನ್ನಾಣಿ, ನಮ್ಮ ವಿಷಯ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ."

ಅದು ಖರೆ. ನಿನ್ನ ಎರಡೂ ಷರತ್ತು ಪಾಲಿಸಿದ್ದೇನೆಂದು ನನ್ನನ್ನೇ ನಂಬಿಸಿಕೊಂಡಿದ್ದೆ. ನೀನು ಕಣ್ಣೊರೆಸಿಕೊಂಡು "ನೀ ಹೇಳೂದಿಲ್ಲ, ನನಗ ಗೊತ್ತೈತಿ" ಅಂದೆ. ಆಮೇಲೆ ಅಡುಗೆಮನೆಯ ಆ ಹೆಂಗಸಿನ ಜೊತೆ ಮಾತು ಬಿಟ್ಟೆ. ಪಾಪ, ಅವಳಿಗೆ ಯಾಕೆಂದೂ ತಿಳಿಯಲಿಲ್ಲ. ನಾನು ನೋಡುತ್ತ ಸುಮ್ಮನಿದ್ದೆ.

ಒಂದು ವರ್ಷ ಕಳೆದು ನನಗೆ ಹೆಣ್ಣು ಗೊತ್ತಾಯಿತು, ಮದುವೆಯಾಯಿತು. ಮದುವೆಯ ಹೊತ್ತಿಗೆ ನೀನು ಕೆಲಸ ಬಿಟ್ಟು ನಮ್ಮ ಜಿಲ್ಲೆಯದೇ ಆದ ರಾಮನಗರಕ್ಕೆ ಹೋಗಿದ್ದೆ. ಅಲ್ಲೊಂದು ಲಾಡ್ಜ್ ನೋಡಿಕೊಳ್ಳುತ್ತೀಯೆಂದು, ಒಬ್ಬಳೇ ಇದ್ದೀಯೆಂದು ಕೇಳಿದ್ದೇನೆ. ಒಬ್ಬಳೇ ಇರುವುದು ದುಃಖವೆಂದು ಹೇಳಲು ನಾನು ಯಾರು — ಇರಬಹುದು, ಇರದಿರಬಹುದು. ಆದರೆ ಅಂದು ನೀನು ಬೇಕೆಂದದ್ದು ಆ ಮಾಸ್ತರನನ್ನು.

ಇಷ್ಟನ್ನೂ ನುಂಗಿಕೊಂಡು ಸಾಯುತ್ತಿದ್ದೆನೇನೋ. ಕಳೆದ ತಿಂಗಳು ಮಾವನವರು ಮನೆಗೆ ಬಂದಿದ್ದರು. ಊಟ ಮಾಡುತ್ತ ಹಳೆಯ ಮಾತು ಬಂತು. ಮಗಳನ್ನು ಕೊಡುವ ಮೊದಲು ಅವರೂ ಆ ರೆಸಾರ್ಟಿಗೆ ವಿಚಾರಣೆಗೆ ಹೋಗಿದ್ದರಂತೆ. ನನಗೆ ಅದು ತಿಳಿದೇ ಇರಲಿಲ್ಲ.

"ರಿಸೆಪ್ಶನ್ನ್ಯಾಗ ಒಂದು ಹುಡುಗಿ ಇತ್ತು ನೋಡ್ರಿ, ಹಳಿಯಾಳದಕಿ" ಅಂದರು. "ಹುಡುಗ ಹೆಂಗವಾ ಅಂದೆ. ಒಂದು ಘಳಿಗಿ ಸುದ್ದಾ ತಡೀಲಿಲ್ಲ ಆಕಿ. ಭಾಳ ಚೊಲೋ ಮನಶಾ, ಕಣ್ಣ ಮುಚ್ಚಿ ಕೊಡ್ರಿ, ಅಂದ್ಲು. ಅಲ್ಲಿಂದ ಎದ್ದಾಂವ ಮತ್ತೊಬ್ಬರನ್ನ ಕೇಳಲಿಲ್ಲ ನಾ."

ನನ್ನ ಹೆಂಡತಿ ನಗುತ್ತ ಇನ್ನೊಂದು ರೊಟ್ಟಿ ಬಡಿಸಿದಳು. ನಾನು ಅದನ್ನು ಮುಟ್ಟದೆ ಕೈತೊಳೆಯಲು ಎದ್ದೆ.

ನಾನು ಮಾಡಿದ್ದು ಆಗ ನಿನಗೆ ಗೊತ್ತಿತ್ತೇ? ಗೊತ್ತಿಲ್ಲದೆ ಹೇಳಿದ್ದರೆ ನಾನು ನಿನಗೆ ಎರಡು ಸಲ ಮೋಸ ಮಾಡಿದೆ. ಗೊತ್ತಿದ್ದೂ ಹೇಳಿದ್ದರೆ... ಅದನ್ನು ಯೋಚಿಸುವ ಶಕ್ತಿ ನನಗಿಲ್ಲ. ನಿನಗೂ ನನ್ನ ವಿಷಯ ಅಷ್ಟೇ ಗೊತ್ತಿತ್ತು, ನನಗೆ ನಿನ್ನ ವಿಷಯ ಗೊತ್ತಿದ್ದಷ್ಟೇ. ಒಂದೇ ಶೆಡ್ಡು, ಒಂದೇ ಮಳೆಗಾಲ. ಅದರಿಂದ ನಾನು ಕೆಟ್ಟವನಾದೆನೆಂದು ನಿನಗೆ ಅನ್ನಿಸಲೇ ಇಲ್ಲ.

ಕ್ಷಮೆ ಕೇಳಲು ರಾಮನಗರಕ್ಕೆ ಬರುವುದಿಲ್ಲ. ಬಂದರೆ ನನ್ನ ಮನಸ್ಸು ಹಗುರಾಗುತ್ತದೆ, ನಿನಗೇನು ಸಿಗುತ್ತದೆ? ಬಿಳಿ ಟೋಪಿಯ ಆ ಹಿರಿಯರು ಈಗ ಇದ್ದಾರೋ ಇಲ್ಲವೋ ತಿಳಿಯದು. ಇದ್ದರೂ ಈ ಉತ್ತರ ಅವರಿಗಿನ್ನು ಬೇಕಾಗಿಲ್ಲ. ಆದರೂ ಅಂದು ಅವರ ಚಹಾ ಕುಡಿದು ಕೊಡದೆ ಉಳಿಸಿಕೊಂಡ ಮಾತು ನನ್ನ ಬಾಯಲ್ಲೇ ಇದೆ.

ಭಾಳ ಚೊಲೋ ಹುಡುಗಿ ಐತ್ರಿ, ಯಜಮಾನ್ರ. ಆಡಿದ ಮಾತಿನಂಗ ನಡಿಯಾಕಿ. ಕಣ್ಣ ಮುಚ್ಚಿ ತಗೋರಿ.