ಒಂದು ಬೆರಳು ಜಾಸ್ತಿ

ನನ್ನ ದೊಡ್ಡಮ್ಮ ದರ್ಜಿ. ಅವಳ ಕೈ ಒಳ್ಳೆಯದು, ಬಾಯಿ ಅಷ್ಟಿಲ್ಲ. ಅವಳ ಅಂಗಡಿ ಎಂದರೆ ಎರಡು ಕಟ್ಟಡಗಳ ಸಂದಿಗೆ ಬಾಗಿಲು ಇಟ್ಟಂತೆ. ಮುಂದೆ ಹೊಲಿಗೆ ಯಂತ್ರ, ಹಿಂದೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿಯ ಮೂಟೆ. ಗಿರಾಕಿ ಕೈ ಚಾಚುವಷ್ಟು ಜಾಗ ಒಳಗಿಲ್ಲದ್ದರಿಂದ ಅಳತೆಯೆಲ್ಲ ಬೀದಿಯಲ್ಲೇ.

ಅವಳು ಹೊಲಿದ ಅಂಗಿಗಳಿಗೆ ಒಂದೇ ದೋಷ. ತೋಳು ಒಂದು ಬೆರಳು ಉದ್ದ. ಟೇಪು ಎಷ್ಟೇ ಹೇಳಲಿ, ಅದರ ಕೊನೆಗೆ ತನ್ನ ತೋರುಬೆರಳನ್ನು ಅಡ್ಡ ಇಟ್ಟು, ಆ ಬೆರಳಿನಾಚೆ ಗುರುತು ಹಾಕುತ್ತಾಳೆ. ಅವಳಿಗೆ ಕೆಲಸ ಕಲಿಸಿದ್ದು ಅವಳ ಅಪ್ಪ, ಅಂದರೆ ನನ್ನ ಅಜ್ಜ. ಅವನದೂ ಇದೇ ಚಾಳಿ. ಯಾಕೆ ಹೀಗೆ ಎಂದರೆ ಇಬ್ಬರದೂ ಒಂದೇ ಉತ್ತರ, "ಕೈ ತಾನಾಗೇ ಹೋಗುತ್ತೆ." ಯಾರಾದರೂ ತಕರಾರು ತೆಗೆದರೆ ದೊಡ್ಡಮ್ಮ "ನೀರು ಬಿದ್ಮೇಲೆ ಸರಿಹೋಗುತ್ತೆ" ಎಂದು ಬಾಯಿ ಮುಚ್ಚಿಸುತ್ತಾಳೆ. ಸರಿಹೋಗುವುದಿಲ್ಲ. ನಮ್ಮ ಬೀದಿಯ ಅರ್ಧ ಗಂಡಸರು ಸದಾ ತೋಳೇರಿಸಿಕೊಂಡೇ ಇರುತ್ತಾರೆ. ಹೊಸಬರು ನೋಡಿದರೆ ಇವರೆಲ್ಲ ಯಾವುದೋ ಜಗಳಕ್ಕೆ ಹೊರಟಿದ್ದಾರೆ ಅಂದುಕೊಳ್ಳಬೇಕು.

ಅಜ್ಜ ಹುಡುಗನಾಗಿದ್ದಾಗ ಒಬ್ಬನೇ ಈ ಊರಿಗೆ ಬಂದು ದರ್ಜಿಯೊಬ್ಬನ ಬಳಿ ಕೆಲಸಕ್ಕೆ ಸೇರಿದವನು. ಎಲ್ಲಿಂದ ಬಂದೆ ಎಂದು ಕೇಳಿದರೆ "ದೂರ" ಎನ್ನುತ್ತಿದ್ದ. ಅಪ್ಪ ಹೊಡೆದ, ಓಡಿ ಬಂದೆ, ಒಬ್ಬ ಅಣ್ಣ ಇದ್ದ, ಮನೆಗೆ ಮಹಡಿ ಇತ್ತು. ಸಾಯುವವರೆಗೆ ಅವನ ಬಾಯಿಂದ ಹೊರಬಿದ್ದದ್ದು ಇಷ್ಟೇ. ಹಾಗಾಗಿ ನಮ್ಮ ನೆಂಟರೆಲ್ಲ ಅಜ್ಜಿಯ ಕಡೆಯವರು. ಅಜ್ಜಿಯ ತಮ್ಮ, ದೊಡ್ಡಮ್ಮನ ಸೋದರಮಾವ, ಅಂಗಡಿಯ ಎದುರು ಮನೆಯಲ್ಲೇ ಇದ್ದಾನೆ. ವಯಸ್ಸಾಗಿ ಕಿವಿ ಮಂದವಾಗಿದೆ, ನಾಲಿಗೆ ಆಗಿಲ್ಲ. ನಾಲ್ಕು ಜನ ಸೇರಿದರೆ ಸಾಕು, "ಹಿಂದು ಮುಂದು ಇಲ್ದೋನಿಗೆ ನಮ್ಮಕ್ಕನ್ನ ಕೊಟ್ವಿ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅಜ್ಜನೂ ನಗುತ್ತಿದ್ದನಂತೆ. ದೊಡ್ಡಮ್ಮನಿಗೆ ಮಾತ್ರ ಚಿಕ್ಕಂದಿನಿಂದ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಅಪ್ಪನಿಗೂ ಒಂದು ಮನೆ, ತನ್ನವರು ಅಂತ ನಾಲ್ಕು ಜನ ಇದ್ದರು ಎಂದು ಮಾವನ ಮುಖಕ್ಕೆ ಹೇಳಬೇಕು, ಅದೂ ಮಾವ ಕಣ್ಣುಮುಚ್ಚುವುದರೊಳಗೆ. ಅವಳಿಗೆ ಬೇಕಾದದ್ದು ಅಷ್ಟೇ.

ಅದಕ್ಕಾಗಿ ಪತ್ರಿಕೆಯಲ್ಲಿ ಪುಟ್ಟದೊಂದು ಜಾಹೀರಾತು ಕೊಟ್ಟಳು. ದಂಡ ಎಂದು ನಾನಂದೆ. ಆದರೂ ಒಂದು ಉತ್ತರ ಬಂತು. ಬರೆದವನು ದೂರದ ಊರಿನ ಬಡಗಿ, ದೊಡ್ಡಮ್ಮನಿಗಿಂತ ಸ್ವಲ್ಪ ದೊಡ್ಡವನು. ಅವನ ಚಿಕ್ಕಪ್ಪ ಹುಡುಗನಾಗಿದ್ದಾಗಲೇ ಕಾಣೆಯಾಗಿದ್ದನಂತೆ.

ವರ್ಷವಿಡೀ ಕಾಗದಗಳು ಓಡಾಡಿದವು. ಅಂಚೆಯವನು ಸೈಕಲ್ ನಿಲ್ಲಿಸುವ ಮೊದಲೇ ದೊಡ್ಡಮ್ಮ ಕೈ ನೀಡುತ್ತಿದ್ದಳು. ಬಂದದ್ದನ್ನು ಓದಿದರೆ ಒಂದಕ್ಕೊಂದು ತಾಳೆಯಿಲ್ಲ. ಅವರ ಹುಡುಗನ ಹೆಸರೇ ಬೇರೆ. ವಯಸ್ಸಿನಲ್ಲಿ ಎರಡು ಮೂರು ವರ್ಷ ಹೆಚ್ಚುಕಮ್ಮಿ. ಅವರ ಮನೆಗೆ ಮಹಡಿಯೇ ಇರಲಿಲ್ಲ, ಹುಡುಗ ಹೊಳೆಯ ಪಾಲಾದ ಎಂದೇ ಮನೆಯವರು ನಂಬಿದ್ದರು. ಕೇಳಿ ತಿಳಿಯೋಣವೆಂದರೆ ಎರಡೂ ಕಡೆ ಹಿರಿಯರು ಉಳಿದಿಲ್ಲ. ಕೊನೆಗೆ ಬಡಗಿಯೇ ಬರೆದ. "ಅಮ್ಮಾ, ಎಷ್ಟು ಬಡಿದರೂ ಈ ಕೀಲು ಕೂರುತ್ತಿಲ್ಲ. ನಿಮಗೆ ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಇಲ್ಲಿಗೆ ನಿಲ್ಲಿಸೋಣ."

ದೊಡ್ಡಮ್ಮ ಆವತ್ತು ಯಾರನ್ನೂ ಬಯ್ಯಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು. ಆಮೇಲೆ, ಇಷ್ಟು ದಿನ ನಮಗಾಗಿ ತಲೆ ಕೆಡಿಸಿಕೊಂಡವನನ್ನು ಬರಿಗೈಲಿ ಕಳಿಸಬಾರದು ಎಂದು, ಅವನ ಅಂಗಿಯ ಅಳತೆ ಕೇಳಿ ಬರೆದಳು. ಅವನು ಅಳೆದು ಕಳಿಸಿದ. ನೀಲಿ ಗೀರಿನ ಬಟ್ಟೆಯಲ್ಲಿ ಅಂಗಿ ಹೊಲಿದಳು, ನಾನೇ ಹೋಗಿ ಅಂಚೆಗೆ ಹಾಕಿ ಬಂದೆ. ಕಥೆ ಮುಗಿಯಿತು ಅಂದುಕೊಂಡೆ.

ಒಂದು ಬೆಳಿಗ್ಗೆ ನಾನು ಅಂಗಡಿಯಲ್ಲಿ ಕೂತು ಗುಂಡಿ ಹಾಕಿಕೊಡುತ್ತಿದ್ದೆ. ಬೀದಿಯಲ್ಲಿ ಒಬ್ಬ ಎತ್ತರದ ಮುದುಕ ಬಂದು ನಿಂತ. ದೊಡ್ಡಮ್ಮನಿಗೆ ಮುಖದ ಗುರುತಿಲ್ಲ, ಆದರೆ ತಾನು ಹೊಲಿದ ಕಾಲರಿನ ಗುರುತು ಸಿಗದೆ ಇರುತ್ತದೆಯೆ? ನೀಲಿ ಗೀರಿನ ಅಂಗಿ. ತೋಳು ಇಳಿಬಿದ್ದು ಅಂಗೈಯನ್ನೇ ನುಂಗಿತ್ತು.

"ಅಯ್ಯೋ, ತೋಳು," ಎಂದು ದೊಡ್ಡಮ್ಮ ಎದ್ದಳು. "ನೀರು ಬಿದ್ಮೇಲೆ..." ಅಷ್ಟಕ್ಕೇ ಅವಳಿಗೇ ನಾಚಿಕೆಯಾಯಿತು.

"ಎರಡು ಬೆರಳು ಉದ್ದ ಇದೆ," ಎಂದ ಬಡಗಿ. "ಒಂದು ನಂದು. ಇನ್ನೊಂದು ಯಾರ್ದು?"

"ಅಂದ್ರೆ?"

"ಅಳತೆ ಬರೆಯೋವಾಗ ಒಂದು ಬೆರಳು ನಾನೇ ಸೇರಿಸ್ಬಿಟ್ಟೆ. ನಮ್ಮನೇಲಿ ಎಲ್ರೂ ಹಂಗೇ. ನಮ್ಮ ತಾತನ ಗಜದ ಕೋಲಿನ ತುದಿ ಒಂದು ಬೆರಳಷ್ಟು ಮುರಿದಿತ್ತು. ಹೊಸದು ತರೋಕೆ ಅವನಿಗೆ ಕೈ ಬರ್ಲಿಲ್ಲ. ಕೋಲಿಟ್ಟು ಒಂದು ಬೆರಳು ಸೇರಿಸಿ ಅಂತ ಮಕ್ಕಳಿಗೆ ಕಲಿಸ್ದ. ಮರೆತ್ರೆ ಏಟು. ಕೋಲು ಒಲೆಗೆ ಹೋಗಿ ಎಷ್ಟೋ ಕಾಲ ಆಯ್ತು, ಬೆರಳು ಮಾತ್ರ ಉಳ್ಕೊಂತು. ಕೈ ತಾನಾಗೇ ಹೋಗುತ್ತೆ. ಮರ ಆದ್ರೆ ಕೀಸುಳಿ ಹಾಕಿ ತೆಗೀಬಹುದು, ಯಾರಿಗೂ ಗೊತ್ತಾಗಲ್ಲ. ಈ ಅಂಗಿ ಹಾಕ್ಕೊಂಡಾಗ ಒಂದು ಬೆರಳು ಉದ್ದ ಬರುತ್ತೆ ಅಂತ ಗೊತ್ತಿತ್ತು. ಎರಡು ಬಂತು. ಅದನ್ನೇ ಕೇಳೋಣ ಅಂತ ಬಂದೆ."

ದೊಡ್ಡಮ್ಮ ಮೇಜಿನ ಮೇಲಿದ್ದ ಟೇಪನ್ನು ಎಳೆದು, ಅದರ ಕೊನೆಗೆ ತೋರುಬೆರಳನ್ನು ಅಡ್ಡ ಇಟ್ಟಳು.

"ಇದು ನಮ್ಮಪ್ಪಂದು," ಎಂದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು.

ಹೆಸರು, ವಯಸ್ಸು, ಮಹಡಿ, ಇವು ಯಾವುವೂ ಇವತ್ತಿಗೂ ತಾಳೆಯಾಗಿಲ್ಲ. ಅದರ ಗೊಡವೆ ಇಬ್ಬರಿಗೂ ಬೇಕಿಲ್ಲ. ಆವತ್ತು ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕತ್ತರಿ ತೆಗೆದಳು. "ಬಿಚ್ಚಿ ಕೊಡಿ, ಸರಿ ಮಾಡ್ತೀನಿ."

"ಒಂದು ಬೆರಳು ತೆಗಿ. ಇನ್ನೊಂದು ಇರ್ಲಿ," ಎಂದ. ಕಾಗದದಲ್ಲಿ ಅವನು ಒಂದು ದಿನವೂ ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ.

"ಆಯ್ತಣ್ಣ," ಎಂದಳು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿದಳು.

"ಎದುರು ಮನೆಗೆ ಹೋಗಿ ಮಾವನ್ನ ಕರ್ಕೊಂಡು ಬಾ. ನಮ್ಮಪ್ಪನ ಕಡೆಯವರು ಬಂದಿದ್ದಾರೆ ಅಂತ ಹೇಳು. ಕೇಳಿಸ್ದೇ ಇದ್ರೆ ಇನ್ನೊಂದ್ಸಲ ಹೇಳು, ಜೋರಾಗಿ."