ಉದ್ದ ತೋಳಿನ ವಾರಿಜಕ್ಕ

ಮೇ ತಿಂಗಳ ಚೆಂಬೂರಿನ ಸೆಕೆಯಲ್ಲೂ ವಾರಿಜಕ್ಕ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಡುತ್ತಿದ್ದಳು. "ಅಯ್ಯೋ, ಬೇಯಲ್ವಾ ನಿಮಗೆ?" ಎಂದರೆ, "ನಂದು ಚಳಿಯ ದೇಹ ಮಾರಾಯ್ತಿ" ಎಂದು ನಗುತ್ತಿದ್ದಳು. ನಮ್ಮ ಬಿಲ್ಡಿಂಗಿನಲ್ಲಿ ನಮ್ಮ ತಲೆಯ ಮೇಲಿನ ಮನೆಯೇ ಅವರದು. ಗಂಡ ಸದಾನಂದಣ್ಣ ಮಾಟುಂಗದ ಉಡುಪಿ ಹೋಟೆಲೊಂದರ ಮ್ಯಾನೇಜರು, ಸಾಧು ಮನುಷ್ಯ.

ಅವಳ ಪ್ರೀತಿಯೆಂದರೆ ಉಸಿರು ಕಟ್ಟಿಸುವಂಥದು. ಮದುವೆಯಾಗಿ ಮೈಸೂರಿನಿಂದ ಬಂದ ನನ್ನನ್ನು ಮೊದಲ ವಾರದಲ್ಲೇ ಒಡಹುಟ್ಟಿದವಳೆಂದಳು. ದಿನಾ ಬೆಳಗ್ಗೆ ಬಿಸಿ ನೀರುದೋಸೆ ತಂದಿಟ್ಟಳು. ಒಂದು ದಿನ ಅವಳ ಮಾತಿನ ನಡುವೆ, ಹಾಲು ಉಕ್ಕಿತೆಂದು ನಾನು ಒಳಗೆ ಓಡಿದೆ. ಅಷ್ಟಕ್ಕೇ ಮಾತು ಬಿಟ್ಟಳು, ಮೆಟ್ಟಿಲಲ್ಲಿ ಸಿಕ್ಕರೂ ಮುಖ ತಿರುಗಿಸಿದಳು. ಆಮೇಲೊಂದು ದಿನ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. "ನಾನು ಬೇಡ ಅಂತಾದ್ರೆ ಬಾಯಿಬಿಟ್ಟು ಹೇಳು. ನೀನೂ ಬಿಟ್ಟು ಹೋಗ್ತೀ ಅಂತ ನಂಗೆ ಗೊತ್ತುಂಟು." ನನಗೆ ರೇಗಿಹೋಯಿತು. ಹಾಲು ಉಕ್ಕಿದ್ದಕ್ಕೆಲ್ಲ ಇಷ್ಟು ರಂಪವೇ!

ನಿಜ ಗೊತ್ತಾದದ್ದು ನನ್ನ ಸೀಮಂತದ ದಿನ. ನನಗೆ ಹಸಿರು ಬಳೆ ತೊಡಿಸಿದ ಮೇಲೆ ಬಂದ ಮುತ್ತೈದೆಯರಿಗೂ ತೊಡಿಸುವುದು ವಾಡಿಕೆ. ವಾರಿಜಕ್ಕ ಹಿಂದೆ ಸರಿದಳು. ಬಳೆಗಾರ್ತಿ ನಗುತ್ತಲೇ ಅವಳ ಕೈ ಹಿಡಿದೆಳೆದು ರವಿಕೆಯ ತೋಳನ್ನು ಮೇಲೆ ಸರಿಸಿದಳು. ಗಾಯಗಳು. ಹಳೆಯವು, ಹೊಸವು. ತಾನೇ ಮಾಡಿಕೊಂಡವೆಂದು ಯಾರಿಗೂ ಹೇಳಬೇಕಾಗಲಿಲ್ಲ. ವಾರಿಜಕ್ಕ ತೋಳೆಳೆದುಕೊಂಡು ಎದ್ದು ಹೋದಳು.

ಅವಳು ಮೆಟ್ಟಿಲು ಹತ್ತುವ ಮೊದಲೇ ಹೆಸರಿಡುವ ಶಾಸ್ತ್ರ ಶುರುವಾಯಿತು. "ನಾಟ್ಕ ಕಣೆ, ಗಂಡನ್ನ ಹೆದರಿಸಿ ಇಟ್ಕೊಳ್ಳೋಕೆ" ಎಂದರು ಸೀಮಂತಕ್ಕೆ ಬಂದಿದ್ದ ನಮ್ಮಮ್ಮ. ಎದುರು ಮನೆಯ ಮರಾಠಿ ಬಾಯಿ, ಮೈಮೇಲೆ ಬರುತ್ತದೆ ಎಂದಳು. ಸದಾನಂದಣ್ಣನ ಊರಿನವರ ಪ್ರಕಾರ, ಮನೆದೈವವನ್ನು ಕಟ್ಟಿ ಕುಣಿಸುವ ಕೋಲದ ಸೇವೆ ಕೊಡದೆ ಮುಂಬಯಿ ಸೇರಿದ್ದರ ಫಲ.

ನನ್ನ ಹೆರಿಗೆಯಾದ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಇದ್ದರು. ಹಟ ಮಾಡಿ ವಾರಿಜಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು 'ಬಾರ್ಡರ್‌ಲೈನ್' ಎಂದೇನೋ ಇಂಗ್ಲಿಷ್ ಹೆಸರು ಹೇಳಿದರು; ಹತ್ತಿರದವರು ಬಿಟ್ಟುಹೋಗುತ್ತಾರೆಂಬ ಭಯಕ್ಕೆ ತನ್ನನ್ನೇ ನೋಯಿಸಿಕೊಳ್ಳುವ ಕಾಯಿಲೆಯಂತೆ. ಪರದೇಶದಲ್ಲೂ ಇದು ಇದೆಯಂತೆ. ಅಲ್ಲೂ ಮನೆಯವರು ನಾಟಕವೆಂದೇ ಬೈಯುತ್ತಾರಂತೆ. ವಾರಿಜಕ್ಕನಿಗೆ ಅದೊಂದೂ ತಲೆಗೆ ಹೋಗಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದಳು. "ಎಷ್ಟು ಜನ ಎಷ್ಟು ಹೆಸರಿಟ್ರು ಸುಮಾ. ನೋವಾಗ್ತದಾ ಅಂತ ಕೇಳಿದ್ದು ಇವರೊಬ್ಬರೇ."

ಪ್ರತಿ ಮಂಗಳವಾರ ಹೋಗತೊಡಗಿದಳು. ಜಗಳ ನಿಲ್ಲಲಿಲ್ಲ, ಆದರೆ ಜಗಳವಾಡಿದ ಸಂಜೆಯೇ ಕೆಳಗಿಳಿದು ಬರುತ್ತಿದ್ದಳು. ಒಂದು ದಿನ ರವಿಕೆಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು ನನ್ನ ಮಗುವಿಗೆ ಎಣ್ಣೆ ಹಚ್ಚಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ನೋಡದವಳಂತೆ ಅಡಿಗೆಮನೆಗೆ ಹೋಗಿಬಿಟ್ಟೆ.

ಅಷ್ಟರಲ್ಲಿ ಊರಿನಲ್ಲಿ ಸದಾನಂದಣ್ಣನ ಮನೆಯವರು ಕೋಲದ ಹರಕೆ ಹೊತ್ತರು. ಹರಕೆ ಹೊತ್ತ ಮೇಲೆ ಆಸ್ಪತ್ರೆಗೆ ಹೋದರೆ ದೈವವನ್ನು ನಂಬಲಿಲ್ಲವೆಂದಾಗುತ್ತದೆ ಎಂದು ಅವಳ ಮಾವ ಹೇಳಿದರಂತೆ. ಮಂಗಳವಾರ ನಿಂತಿತು.

"ಎರಡೂ ಮಾಡಿ ಸದಾನಂದಣ್ಣ. ದೈವ ಬೇಡ ಅನ್ನುತ್ತಾ?" ಎಂದು ಅಂಗಲಾಚಿದೆ.

"ಹಾಗೆಲ್ಲ ಎರಡು ಮನಸ್ಸು ಮಾಡಬಾರ್ದು ಸುಮಕ್ಕ. ಕೋಲ ಆದ ಕೂಡ್ಲೆ ಸರಿಯಾಗ್ತಾಳೆ ನೋಡಿ." ಪಾಪ, ಅವಳ ಮೇಲಿನ ಪ್ರೀತಿಯಿಂದಲೇ ಹೇಳಿದರು.

ಊರಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ವಾರಿಜಕ್ಕನ ತೋಳು ಮತ್ತೆ ಮಣಿಕಟ್ಟಿಗೆ ಇಳಿದಿತ್ತು. ಹೋಗುತ್ತಿದ್ದವಳು ಅವಳು, ಆದರೂ ನನ್ನನ್ನೇ ಕೇಳಿದಳು, "ನೀನು ಬಿಟ್ಟು ಹೋಗುದಿಲ್ಲ ಅಲ್ವಾ?" ಇಲ್ಲ ಎಂದೆ. ಬಸ್ಸು ಹೊರಟಿತು.

ಕೋಲವೇನೋ ಚೆನ್ನಾಗಿ ನಡೆಯಿತಂತೆ. ಮಳೆಗಾಲ ಮುಗಿಯುವಾಗ ಸದಾನಂದಣ್ಣ ಒಬ್ಬರೇ ಬಂದರು. "ಜ್ವರ ಬಂತು. ಹೋದಳು" ಎಂದರು. ಜ್ವರವಲ್ಲ, ತನ್ನ ಜೀವ ತಾನೇ ತೆಗೆದುಕೊಂಡಳೆಂದು ಊರಿಂದ ಬಂದ ಹೋಟೆಲಿನವರಿಂದ ಆಗಲೇ ತಿಳಿದಿತ್ತು. ಜ್ವರವೆನ್ನುವುದೂ ಒಂದು ಹೆಸರು. ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಅವರು ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತೇ ಇದ್ದರು, ಮೇಲೆ ಹತ್ತಲಾರದೆ.

"ನೋವಾಗ್ತಿದ್ಯಾ ಸದಾನಂದಣ್ಣ?" ಎಂದು ಕೇಳಿದೆ.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಆಗ್ತದೆ" ಎಂದರು. ಮತ್ತೆ ಜ್ವರದ ಮಾತೆತ್ತಲಿಲ್ಲ.