ಹೆಸರುಕಾಳಿನ ಗುಂಡು

ಇವತ್ತು ಬೆಳಿಗ್ಗೆ ಹೇಸ್‌ನ ನಮ್ಮ ಅಡುಗೆಮನೆಯಲ್ಲಿ ಉಸುಳಿಗೆಂದು ಹೆಸರುಕಾಳು ಆರಿಸುತ್ತಾ ಕುಳಿತಿದ್ದೆ. ಈಗಿನ ಪ್ಯಾಕೆಟ್ಟಿನ ಕಾಳಿನಲ್ಲಿ ಕಲ್ಲು ಸಿಗುವುದಿಲ್ಲ. ಆದರೂ ಆರಿಸುತ್ತೇನೆ, ಕೈಗೆ ಅಭ್ಯಾಸ. ಒಂದು ಕಾಳು ತಟ್ಟೆಯಿಂದ ಚಿಮ್ಮಿ ಫ್ರಿಜ್ಜಿನ ಕೆಳಗೆ ಉರುಳಿಹೋಯಿತು. "ಅಯ್ಯೋ, ಸೆವೆಂಟೀನ್ ಹೋಯಿತು" ಎಂದೆ. ಎದುರಿಗೆ ಸೀರಿಯಲ್ ತಿನ್ನುತ್ತಿದ್ದ ಮಗ ತಲೆ ಎತ್ತಿ, "ಸೆವೆಂಟೀನ್ ವಾಟ್, ಅಮ್ಮಾ?" ಎಂದ.

ಅವನಿಗೆ ಏನೆಂದು ಹೇಳಲಿ? ಬೇರೆಯವರು ಹೆಸರುಕಾಳು ನೋಡಿದರೆ ಪಾಯಸ ನೆನೆಯುತ್ತಾರೆ, ಪಥ್ಯ ನೆನೆಯುತ್ತಾರೆ. ನನಗೆ ನೆನಪಾಗುವುದು ರೈಫಲ್. ಬಂದೂಕಿನ ನಳಿಗೆಯ ಒಳಗಿನ ಅಗಲಕ್ಕೆ ಕ್ಯಾಲಿಬರ್ ಎನ್ನುತ್ತಾರೆ. ಒಂದು ಅಂಗುಲವನ್ನು ನೂರು ಭಾಗ ಮಾಡಿ ಅದರಲ್ಲಿ ಹದಿನೇಳು ತೆಗೆದುಕೊಂಡರೆ ಸೆವೆಂಟೀನ್. ಅದರ ಗುಂಡು ಹೆಚ್ಚುಕಡಿಮೆ ಹೆಸರುಕಾಳಿನ ಗಾತ್ರ. ಇಷ್ಟು ನಿಖರವಾಗಿ ಹೇಳುವ ನಾನು ಜೀವಮಾನದಲ್ಲಿ ಒಂದು ಬಂದೂಕನ್ನೂ ಮುಟ್ಟಿದವಳಲ್ಲ. ನನಗೆ ಈ ವಿದ್ಯೆ ಕಲಿಸಿದ ಗುರುಗಳೂ ಆಗ ಮುಟ್ಟಿರಲಿಲ್ಲ. ಮಗನಿಗೆ ಸ್ಕೂಲಿಗೆ ಹೊತ್ತಾಗಿತ್ತು. ನಿಮಗೆ ಪುರಸೊತ್ತಿದ್ದರೆ ಕೇಳಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆಂದು ಈ ಇಂಗ್ಲಿಷರ ನಾಡಿಗೆ ಬಂದಾಗ, ಗ್ರೀನ್‌ಫರ್ಡ್‌ನ ಒಂದು ಮನೆಯ ಮಹಡಿಯ ಪುಟ್ಟ ಕೋಣೆ ಬಾಡಿಗೆಗೆ ಸಿಕ್ಕಿತು. ಎರಡು ತಿಂಗಳ ಮಟ್ಟಿಗೆ ಎಂದುಕೊಂಡು ಹೋದವಳು ಆರು ವರ್ಷ ಅಲ್ಲಿಂದ ಏಳಲಿಲ್ಲ. ಮನೆ ಈರಪ್ಪ ಕಾಕಾನದು. ನನಗೆ ಸಂಬಂಧದಲ್ಲಿ ಕಾಕಾ ಅಲ್ಲ. ವಿಜಯಪುರದ ಕಡೆಯವರ ಮನೆ ಹೊಕ್ಕ ಮೇಲೆ ಯಜಮಾನರು ಕಾಕಾ, ಅವರ ಹೆಂಡತಿ ಕಾಕು, ಅಷ್ಟೇ. ಕಾಕಾ ಅಲ್ಲೇ ಹತ್ತಿರದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಮೈಮೇಲೆ ಕೆಲಸದ ಹಳದಿ ಜಾಕೆಟ್. ಮೊದಲ ವಾರ ಕಾಕು ಹಾಕಿದ ಗರಿಗರಿ ಜೋಳದ ಕಟಕರೊಟ್ಟಿಯನ್ನು ನಾನು ಹಪ್ಪಳವೆಂದು ತಿಳಿದು ಸಾರಿನ ಜೊತೆ ನೆಂಚಿಕೊಂಡೆ. ಅದನ್ನು ಅವರು ಇಂದಿಗೂ ಮರೆತಿಲ್ಲ.

ಕಾಕಾ ಎಂಥ ಮನುಷ್ಯ ಎಂದರೆ, ಸ್ನಾನದ ತೊಟ್ಟಿಯಲ್ಲಿ ಜೇಡ ಬಿದ್ದರೆ ನೀರು ಬಿಡುತ್ತಿರಲಿಲ್ಲ. ಅದರ ಮೇಲೆ ಲೋಟ ಬೋರಲು ಹಾಕಿ, ಕೆಳಗೆ ಒಂದು ಕಾರ್ಡು ತೂರಿಸಿ, ಹಿತ್ತಲಿಗೆ ಒಯ್ದು ಬಿಡುತ್ತಿದ್ದರು. ಒಮ್ಮೆ ಅಡುಗೆಮನೆಯಲ್ಲಿ ಇಲಿ ಸಿಕ್ಕಿತು. ಅದನ್ನು ತೂತು ಕೊರೆದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಊರಾಚೆಯ ಗುಡ್ಡಕ್ಕೆ ಬಿಟ್ಟುಬಂದರು. "ಇಲ್ಲೇ ಬೀದಿಯಲ್ಲಿ ಬಿಡಬಹುದಿತ್ತಲ್ಲ ಕಾಕಾ" ಎಂದರೆ, "ಬೀದ್ಯಾಗ ಬೆಕ್ಕು ಭಾಳ ಅದಾವ ತಂಗಿ. ಗುಡ್ಡದಾಗ ಅದಕ್ಕೂ ನಾಕು ಮಂದಿ ಬಳಗ ಸಿಗತೈತಿ" ಎಂದರು.

ಇಂಥವರು ಬೇಟೆಯ ಬಂದೂಕಿನ ಹುಚ್ಚಿಗೆ ಬಿದ್ದದ್ದು ಮಲ್ಲಣ್ಣನ ದೆಸೆಯಿಂದ. ಮಲ್ಲಣ್ಣ ಕಾಕಾನ ಸೋದರಮಾವನ ಮಗ, ಓರಗೆಯವನು, ಅಮೆರಿಕದ ಕಾನ್ಸಾಸ್‌ನಲ್ಲಿ ದನದ ಡಾಕ್ಟರು. ಸೋದರಮಾವನ ಮಗ ಎಂದಮೇಲೆ ಚೇಷ್ಟೆ ಅವನ ಜನ್ಮಸಿದ್ಧ ಹಕ್ಕು. ಅವನ ಬತ್ತಳಿಕೆಯಲ್ಲಿ ಕಾಕಾನ ಮೇಲೆ ಒಂದು ಕಥೆ ಇತ್ತು. ಹುಡುಗರಾಗಿದ್ದಾಗ ಇಬ್ಬರನ್ನೂ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅಟ್ಟದ ಮೇಲೆ ಹತ್ತಿಸುತ್ತಿದ್ದರಂತೆ, ಕೈಗೊಂದು ಕವಣೆ ಕೊಟ್ಟು. ಮಲ್ಲಣ್ಣ ದಿನಕ್ಕೆ ಎರಡಾದರೂ ಗಿಳಿ ಬೀಳಿಸುತ್ತಿದ್ದ. ಈರಪ್ಪ ಇಡೀ ಸುಗ್ಗಿ ಕಲ್ಲು ಬೀಸಿದರೂ ಒಂದು ಗುಬ್ಬಿಯ ಪುಕ್ಕವೂ ಉದುರಲಿಲ್ಲ. "ಇಂವ ಕವಣಿ ಎತ್ತಿದ್ರ ಹಕ್ಕಿ ಹೋಗಿ ಬಳಗ ಕರಕೊಂಡು ಬರ್ತಿದ್ವು, ಮೋಜು ನೋಡಾಕ" ಎಂದು ಮಲ್ಲಣ್ಣ ಹೇಳಿ ಮುಗಿಸುವಾಗ ಮದುವೆಮನೆಯೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಯಾವ ಮದುವೆಮನೆ ಎಂದು ಕೇಳಬೇಡಿ, ಎಲ್ಲ ಮದುವೆಮನೆ. ಮೂವತ್ತು ವರ್ಷದಿಂದ ಅದು ಹೋಳಿಗೆಯ ಜೊತೆ ಬಡಿಸುವ ತುಪ್ಪದಂತೆ ನಡೆದುಬಂದಿತ್ತು. ಕಾಕಾನೂ ನಗುತ್ತಿದ್ದರು. ಆದರೆ ಕಿವಿ ಕೆಂಪಾಗುತ್ತಿತ್ತು.

ಒಂದು ಭಾನುವಾರ ಮಲ್ಲಣ್ಣನ ಫೋನ್ ಬಂತು. ಕಾಕು ಸ್ಪೀಕರ್ ಒತ್ತಿದ್ದರಿಂದ ಮನೆಗೆಲ್ಲ ಕೇಳಿಸಿತು. ಅಲ್ಲಿನ ಬಯಲಿನಲ್ಲಿ ಪ್ರೇರಿ ಡಾಗ್ ಎಂಬ ಪ್ರಾಣಿ ಇದೆಯಂತೆ. ಹೆಸರಿಗೆ ನಾಯಿ, ನಿಜದಲ್ಲಿ ಅಳಿಲಿನ ದಾಯಾದಿ. ಹುಲ್ಲುಗಾವಲ ತುಂಬ ಬಿಲ ತೋಡುತ್ತದೆ, ದನಗಳು ಅದರಲ್ಲಿ ಕಾಲಿಟ್ಟು ಮುರಿದುಕೊಳ್ಳುತ್ತವೆ ಎಂದು ರೈತರ ದೂರು. ಅದಕ್ಕೇ ಬಂದವರ ಕೈಗೆಲ್ಲ ಬಂದೂಕು ಕೊಟ್ಟು ಹೊಡೆಯಿರಿ ಎನ್ನುತ್ತಾರಂತೆ. "ಬಾರಲೇ ಈರ್ಯಾ. ಬಿಲದ ಬಾಯಾಗ ಎದ್ದು ನಿಂತು ಕೈ ಮುಗೀತಾವು, ಕುರುಡನೂ ಹೊಡೀತಾನ. ಒಂದರ ಹೊಡಿ, ಕವಣಿ ಕಥಿ ಅವತ್ತಿಗೆ ಬಂದ್. ಇಲ್ಲಾಂದ್ರ ನಿನ್ನ ಮಗಳ ಲಗ್ನದಾಗ ಬೀಗರ ಮುಂದ ಮೈಕ್ ಹಿಡದು ಹೇಳ್ತೀನಿ."

ಕಾಕಾ ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. ಹೋಗುವುದಿಲ್ಲ ಎಂದರೆ ಪುಕ್ಕಲ ಎನ್ನಿಸಿಕೊಳ್ಳಬೇಕು. ಹೋಗಿ ಗುರಿ ತಪ್ಪಿದರೆ ಕವಣೆಯ ಕಥೆಗೆ ಎರಡನೆಯ ಅಧ್ಯಾಯ ಸೇರುತ್ತದೆ. ಒಬ್ಬಳೇ ಮಗಳು ಗೀತಾ, ಅವಳ ಮದುವೆಯಲ್ಲಿ ಬೀಗರ ಮುಂದೆ ನಗೆಪಾಟಲಾಗುವುದೆಂದರೆ ಸಾಮಾನ್ಯವೇ? ಕೊನೆಗೆ, "ಬರ್ತೀನಿ. ಆದ್ರ ಯಾವ ಕ್ಯಾಲಿಬರ್ ಅಂತ ಮೊದಲ ಗಟ್ಟಿ ಮಾಡ್ಕೋತೀನಿ" ಎಂದರು. "ಬಂದೂಕು ಇಲ್ಲಿ ರೈತ ಕೊಡ್ತಾನ. ಯಾವುದು ಬೇಕು ಅಷ್ಟ ಹೇಳು" ಎಂದು ಮಲ್ಲಣ್ಣ ಫೋನಿಟ್ಟ. ಆ ಅಷ್ಟನ್ನು ಹೇಳಲು ಕಾಕಾನಿಗೆ ಐದು ವರ್ಷ ಹಿಡಿಯಿತು.

ಸ್ಟೇಷನ್ನಿನ ಪೇಪರ್ ಅಂಗಡಿಯಲ್ಲಿ ಬಂದೂಕಿನ ಮಾಸಪತ್ರಿಕೆಗಳು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿರುತ್ತಿದ್ದವು, ಮರ್ಯಾದಸ್ಥರು ಕಣ್ಣೆತ್ತಿ ನೋಡದ ಬೇರೆ ಪತ್ರಿಕೆಗಳ ಪಕ್ಕದಲ್ಲಿ. ಕಾಕಾ ಒಂದನ್ನು ಕೊಂಡು, ಸುತ್ತಿ, ಜಾಕೆಟ್ಟಿನೊಳಗೆ ಅಡಗಿಸಿ ತಂದು ಹಾಸಿಗೆಯ ಕೆಳಗಿಟ್ಟರು. ಕಾಕು ಅದನ್ನು ಹಿಡಿದು ಎಳೆದು, ಬಿಚ್ಚಿ, ಎಲ್ಲ ಪುಟ ತಿರುವಿ ನೋಡಿದರು. "ಬರೇ ಬಂದೂಕ ಅದಾವ" ಎಂದು ನನ್ನ ಹತ್ತಿರ ಹೇಳಿದಾಗ ಅವರ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಗಿ ಕೇಳಿಸಿತು.

ಭಾನುವಾರದ ಊಟವಾದ ಮೇಲೆ ನಾನು, ಸುತ್ತಮುತ್ತಲಿನ ನಾಲ್ಕಾರು ಕನ್ನಡದವರು ಕಾಕಾನ ಮನೆಯಲ್ಲಿ ಸಭೆ ಸೇರುತ್ತಿದ್ದೆವು. ಕಾಕಾ ನಡುಮನೆಯ ಮೇಜಿನ ಮೇಲೆ ಪೇಪರು ಹಾಸಿ, ಅದರ ಮೇಲೆ ಕಾಕುವಿನ ಡಬ್ಬಿಯಿಂದ ಕದ್ದ ಕಾಳುಗಳನ್ನು ಸಾಲಾಗಿ ಇಡುತ್ತಿದ್ದರು. ಹೆಸರುಕಾಳು ಎಂದರೆ ಸೆವೆಂಟೀನ್. ತೊಗರಿಕಾಳು ಎಂದರೆ ಟೂ-ಟ್ವೆಂಟಿಥ್ರೀ, ಇಲ್ಲಿಂದ ಮುಂದೆ ಲೆಕ್ಕ ಅಂಗುಲದ ಸಾವಿರ ಭಾಗದಲ್ಲಿ. ಕಡಲೆಕಾಳು ಎಂದರೆ ಟೂ-ಫಾರ್ಟಿಥ್ರೀ. ಹೆಸರುಕಾಳಿಗೆ ಒದೆತ ಕಡಿಮೆ, ಆದರೆ ಹಗುರ. ಗಾಳಿ ಬೀಸಿದರೆ ಅತ್ತ ಸರಿಯುತ್ತದೆ. ಕಡಲೆ ಗಾಳಿಗೆ ಜಗ್ಗುವುದಿಲ್ಲ, ಆದರೆ ಹೆಗಲಿಗೆ ಗುದ್ದುತ್ತದೆ. ತೊಗರಿ ನಡುವಿನದು, ಎಲ್ಲರಿಗೂ ಒಪ್ಪಿಗೆಯಾಗುವ ಗಂಡಿನ ಹಾಗೆ. ಈರುಳ್ಳಿಯನ್ನೂ ಸೋಮವಾರ ಮುಟ್ಟದ ನಾವೆಲ್ಲ ಕುಳಿತು, ಮುನ್ನೂರು ಗಜ ದೂರದ ಪ್ರಾಣಿಗೆ ಯಾವುದು ಸರಿಯಾಗಿ ತಾಗೀತು ಎಂದು ಗಂಟಲು ಹರಿಯುವಂತೆ ವಾದಿಸುತ್ತಿದ್ದೆವು. ನಾನು ಕಡಲೆಯ ಪಕ್ಷ. ಎಷ್ಟು ಕಟ್ಟಾ ಪಕ್ಷವೆಂದರೆ ಒಮ್ಮೆ ಲ್ಯಾಬಿನ ಟೀ ಹೊತ್ತಿನಲ್ಲಿ ಒಬ್ಬ ಇಂಗ್ಲಿಷ್ ಸಹೋದ್ಯೋಗಿಗೆ ಅದರ ಗುಣಗಾನ ಮಾಡಿದೆ, ಮುಂದೆ ಒಂದು ತಿಂಗಳು ಅವನು ನನ್ನ ಪಕ್ಕದಲ್ಲಿ ಕೂರಲಿಲ್ಲ.

ಸಭೆಯಲ್ಲಿ ಮಾಂಸಾಹಾರಿ ಒಬ್ಬರೇ, ಕುಂದಾಪುರದ ಶೀನಣ್ಣ. ರೆಸ್ಟೋರೆಂಟಿನ ಅಡುಗೆಯವರು, ಮೀನಿಲ್ಲದೆ ಊಟವಿಲ್ಲ ಎನ್ನುವವರು. ಅಡ್ಡಿ ಮಾಡುತ್ತಿದ್ದವರೂ ಅವರೊಬ್ಬರೇ.

"ಅಲ್ಲ ಮರಾಯ್ರೆ, ಹೊಡ್ದ್ ಮೇಲೆ ಅದನ್ನ ಎಂತ ಮಾಡುದ್? ಸಾರ್ ಮಾಡ್ತ್ರಾ?"

"ಛೀ ಛೀ. ಬಿಟ್ಟು ಬರೋದು" ಎನ್ನುತ್ತಿದ್ದೆವು ನಾವು.

"ತಿಂಬುದಿಲ್ಲ ಅಂದ್ರೆ ಕೊಲ್ಲುದ್ ಎಂತಕೆ?"

ನಾವು ಮತ್ತೆ ಕಾಳುಗಳ ಮೇಲೆ ಬಾಗುತ್ತಿದ್ದೆವು. ಕಾಕಾ ಮಾತ್ರ ಅವರನ್ನು ಪ್ರೀತಿಯಿಂದ ನೋಡಿ, "ಶೀನಣ್ಣಗ ಇನ್ನೊಂದ್ ಚಾ ಕೊಡ" ಎನ್ನುತ್ತಿದ್ದರು. ಮೆಟ್ಟಿಲ ಮೇಲಿಂದ ಗೀತಾ, "ಡ್ಯಾಡ್, ಯು ಕ್ರೈಡ್ ವೆನ್ ದ ಗೋಲ್ಡ್‌ಫಿಶ್ ಡೈಡ್" ಎಂದು ಕೂಗಿ ಹೋಗುತ್ತಿದ್ದಳು. ಅಷ್ಟರಲ್ಲಿ ಕಾಕು ಬಂದು ಪೇಪರು ಮಡಚಿ ಎಲ್ಲ ಕ್ಯಾಲಿಬರುಗಳನ್ನೂ ಒಟ್ಟಿಗೇ ಪಾತ್ರೆಗೆ ಸುರಿದು ನೆನೆಹಾಕುತ್ತಿದ್ದರು. ಸೋಮವಾರ ನನ್ನ ಊಟದ ಡಬ್ಬಿಗೆ ಉಸುಳಿ.

ಕಾಕಾ ಕೇಳುತ್ತಿದ್ದ ಪ್ರಶ್ನೆಗಳನ್ನು ಮಾತ್ರ ನಾನು ಆಗ ಸರಿಯಾಗಿ ಗಮನಿಸಲಿಲ್ಲ. ಎಲ್ಲರೂ ತಾಗುವುದರ ಬಗ್ಗೆ ಮಾತಾಡುತ್ತಿದ್ದರೆ, ಅವರದು ಒಂದೇ ರಾಗ: "ಗಾಳಿ ಬಂದ್ರ ಎಷ್ಟು ಸರೀತೈತಿ?" ಪತ್ರಿಕೆಯ ಕೋಷ್ಟಕಗಳಲ್ಲಿ ಅವರು ಕೆಂಪು ಗೆರೆ ಎಳೆದದ್ದೆಲ್ಲ ಗಾಳಿಯ ಸಾಲಿಗೇ. ಜೇಡಕ್ಕೆ ಲೋಟ ಹಿಡಿದ ಕೈ ಒಂದು ಕಡೆ, ಈ ಕೆಂಪು ಗೆರೆ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಐದು ವರ್ಷವಾದರೂ ಒಂದು ತೀರ್ಮಾನಕ್ಕೆ ಬಾರದ ಗಂಡಸು ಎಂದು ಒಳಗೊಳಗೇ ನಕ್ಕೆ. ಒಂದು ಚಪ್ಪಲಿ ಕೊಳ್ಳಲು ನಾಲ್ಕು ಶನಿವಾರ ಅಲೆಯುವ ನಾನು ನಗಬಾರದಿತ್ತು, ಆದರೂ ನಕ್ಕೆ.

ಕೊನೆಗೆ ಗೀತಾಳ ಮದುವೆ ಗೊತ್ತಾಯಿತು. ಮೈಕಿನ ಮಾತು ನೆನಪಾಗಿ ಕಾಕಾ ಟಿಕೆಟ್ ತೆಗೆಸಿದರು. ಹೊರಡುವ ಹಿಂದಿನ ಭಾನುವಾರ ಸಭೆ ಕರೆದು, ಸಾಲಿನಿಂದ ಒಂದು ಹೆಸರುಕಾಳು ಎತ್ತಿ ಅಂಗೈಯಲ್ಲಿಟ್ಟು ತೋರಿಸಿದರು. "ಇದ." ನಾನು ತಲೆ ಚಚ್ಚಿಕೊಂಡೆ. "ಕಾಕಾ, ಆ ಬಯಲಲ್ಲಿ ಸದಾ ಗಾಳಿ ಅಂತ ನೀವೇ ಓದಿ ಹೇಳಿದ್ದು. ಇದು ಹಾರಿಹೋಗುತ್ತೆ." ಕಾಕಾ, "ನೋಡೋಣಂತ" ಎಂದರು.

ಹದಿನೈದು ದಿನದ ಮೇಲೆ ಕಾಕಾ ತಿರುಗಿ ಬಂದಾಗ ಬಾಗಿಲಲ್ಲೇ ಮುತ್ತಿಕೊಂಡೆವು. ಬೂಟು ಬಿಚ್ಚುತ್ತಾ ಹೇಳಿದರು, "ಒಂದೂ ಬೀಳಲಿಲ್ಲ. ಗಾಳಿ ಭಾಳ ಇತ್ತು." ಶೀನಣ್ಣ ಎದ್ದು ಅವರ ಕೈ ಕುಲುಕಿದರು. ನಾನು ಮಾತ್ರ ಕಡಲೆಯನ್ನು ಒಪ್ಪಿದ್ದರೆ ಹೀಗಾಗುತ್ತಿತ್ತೇ ಎಂದು ಒಂದು ವಾರ ಗೊಣಗಿದೆ.

ಮದುವೆ ಸ್ಟ್ಯಾನ್ಮೋರಿನ ಒಂದು ಸಭಾಂಗಣದಲ್ಲಿ. ಮಲ್ಲಣ್ಣ ಬಂದಿದ್ದ, ಆರಡಿ ಆಳು, ರೇಷ್ಮೆ ರುಮಾಲು. ಊಟದ ಹೊತ್ತಿಗೆ ಧಾರವಾಡದಿಂದ ಬಂದ ಬಳಗದವರು ಅವನ ಕೈಗೆ ಮೈಕ್ ತುರುಕಿ, "ಕವಣಿ ಕಥಿ ಆಗ್ಲಿ" ಎಂದರು. ನಾನು ಕಾಕಾನ ಕಡೆ ನೋಡಿದೆ. ಬೀಗರ ಪಕ್ಕದಲ್ಲಿ ಕುಳಿತು ತುತ್ತು ಕೈಯಲ್ಲೇ ಹಿಡಿದಿದ್ದರು. ಕಿವಿ ಆಗಲೇ ಕೆಂಪು. ನನಗೆ ನಿಜವಾಗಿಯೂ ಸಂಕಟವಾಯಿತು. ಮಲ್ಲಣ್ಣ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಆ ಕಥಿ ಮುಗೀತು. ಹೋಳಿಗಿ ಬಡಸ್ರಿ" ಎಂದು ಕುಳಿತುಬಿಟ್ಟ.

ತಡೆಯಲಾಗದೆ ಆಮೇಲೆ ತಾಂಬೂಲದ ತಟ್ಟೆ ಹಿಡಿದು ಅವನ ಹತ್ತಿರ ಹೋದೆ. ಕಾಕಾ ಒಂದೂ ಹೊಡೆಯಲಿಲ್ಲವಲ್ಲ, ಮತ್ತೆ ಯಾಕೆ ಬಿಟ್ಟಿರಿ, ಗಾಳಿ ಇತ್ತೆಂದೇ ಎಂದು ಕೇಳಿದೆ.

"ಯಾವ ಗಾಳಿ?" ಎಂದ ಮಲ್ಲಣ್ಣ. "ನಮ್ಮ ಕಡೆ ವರ್ಷಕ್ಕ ಒಂದೆರಡು ದಿನ ಗಾಳಿ ಸತ್ತಿರ್ತೈತಿ. ಅವತ್ತ ಹಂಗ ಆಗಿತ್ತು. ಒಂದ ಹುಲ್ಲಕಡ್ಡಿ ಅಲಗಲಿಲ್ಲ. ಇಂವ ಆಕಾಶ ನೋಡ್ದ, ಹುಲ್ಲು ನೋಡ್ದ, ಮಾರಿ ಸಣ್ಣದ ಮಾಡ್ಕೊಂಡ. ಆಮ್ಯಾಲೆ ಇಪ್ಪತ್ತು ಗುಂಡು ಹೊಡದ, ಇಪ್ಪತ್ತೂ ತಪ್ಪಿದ್ವು. ಗುಂಡು ಬಿದ್ದಾಗೊಮ್ಮೆ ಆ ಪ್ರಾಣಿ ಒಳಗ ಹೋಗಿ ಮತ್ತ ಬಂದು ಕೈ ಮುಗದು ನಿಂದರ್ತಿತ್ತು. ನಕ್ಕು ನಕ್ಕು ಸಾಕಾತು ನನಗ. ಕಡೀಕ ಬಿಲದ ಹತ್ರ ನಡಕೊಂತ ಹೋಗಿ ನೋಡಿದೆ."

ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನಿಲ್ಲಿಸಿದ. "ಬಿಲದ ಎಡಕ್ಕ, ಒಂದು ಗೇಣು ಆಚೆ, ಇಪ್ಪತ್ತೂ ಗುಂಡು ಒಂದ ಕಡೆ ಹೊಕ್ಕಿದ್ವು. ನನ್ನ ಅಂಗೈ ಇಟ್ಟರ ಮುಚ್ಚತಿತ್ತು."

"ಮೊದಲ ಸಲ ಬಂದೂಕು ಹಿಡಿದವರಿಗೆ ಅದು ಸಾಧ್ಯವೇ?" ಎಂದೆ.

"ಮರಳಚೀಲದ ಮ್ಯಾಲೆ ಇಟ್ಟು ದುರ್ಬೀನಿನಾಗ ನೋಡಿ ಹೊಡದ್ರ ನೀನೂ ಹೊಡೀತಿ. ಎದುರಿಗೆ ನಿಂತದ್ದನ್ನ ಬಿಟ್ಟು ಇಪ್ಪತ್ತು ಸಲ ಪಕ್ಕಕ್ಕ ಹೊಡೀಬೇಕಲ್ಲ, ಅದು ಕಷ್ಟ." ಎಲೆ ಮಡಚಿ ಬಾಯಿಗಿಟ್ಟುಕೊಂಡ. "ಹೊಲ ಕಾಯೂವಾಗ ಅವನ ಪಾಳಿ ಇದ್ದಾಗ ಜೋಳಾನೂ ಹೋಗ್ತಿರಲಿಲ್ಲ, ಹಕ್ಕೀನೂ ಸಾಯ್ತಿರಲಿಲ್ಲ. ನಾವ್ಯಾರೂ ಅದನ್ನ ನೋಡಲೇ ಇಲ್ಲವ್ವ."

ಆಗ ನನಗೆ ಆ ಕೆಂಪು ಗೆರೆಗಳು ನೆನಪಾದವು. ಐದು ವರ್ಷ ನಾವೆಲ್ಲ ಹೊಡೆಯುವ ಬಂದೂಕನ್ನು ಹುಡುಕುತ್ತಿದ್ದೆವು. ಕಾಕಾ ಹುಡುಕುತ್ತಿದ್ದದ್ದು ಮರ್ಯಾದೆಯಿಂದ ತಪ್ಪಿಸುವ ಬಂದೂಕನ್ನು. ತೀರ್ಮಾನ ಅವರು ಮೊದಲ ದಿನವೇ ಮಾಡಿದ್ದರು. ಮೇಜಿನ ಸುತ್ತ ಕುಳಿತವರಲ್ಲಿ ಅದು ಅರ್ಥವಾಗಿದ್ದರೆ ಶೀನಣ್ಣ ಒಬ್ಬರಿಗೆ ಆಗಿರಬೇಕು.

ಮಗನನ್ನು ಸ್ಕೂಲಿಗೆ ಬಿಟ್ಟುಬಂದು, ಮಂಡಿಯೂರಿ ಕುಳಿತು, ಲಟ್ಟಣಿಗೆಯಿಂದ ಫ್ರಿಜ್ಜಿನ ಕೆಳಗೆ ಕೆದಕಿದೆ. ಕಾಳಿನ ಜೊತೆ ಒಂದು ಜೇಡವೂ ಬಂತು. ಹಿಂದೆಯಾಗಿದ್ದರೆ ಕಾಲಲ್ಲಿ ಹೊಸಕುತ್ತಿದ್ದೆ. ಲೋಟ ಹುಡುಕಿದೆ, ಕರೆಂಟ್ ಬಿಲ್ಲಿನ ಲಕೋಟೆ ಹುಡುಕಿದೆ, ಹಿತ್ತಲಿಗೆ ಹೋಗಿ ಬಿಟ್ಟೆ. ಆಮೇಲೆ ಕಾಕಾನಿಗೆ ಫೋನ್ ಮಾಡಿದೆ. ಈಗ ರಿಟೈರಾಗಿದ್ದಾರೆ, ಕಿವಿ ಸ್ವಲ್ಪ ಮಂದ, ಅದೇ ಗ್ರೀನ್‌ಫರ್ಡ್, ಅದೇ ಮನೆ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿಯೇಬಿಟ್ಟೆ.

"ಕಾಕಾ, ಕಾನ್ಸಾಸ್‌ನಲ್ಲಿ ಅವತ್ತು ಇಪ್ಪತ್ತೂ ಹೇಗೆ ತಪ್ಪಿದವು?"

ಹಿಂದಿನಿಂದ ಕಾಕು ಯಾರದು ಎಂದು ಕೇಳುತ್ತಿದ್ದದ್ದು ಕೇಳಿಸಿತು.

"ಹೆಸರಕಾಳ ನೋಡು ತಂಗಿ, ಹಗರ. ಗಾಳಿ ಭಾಳ ಇತ್ತು."

"ಹೌದು ಕಾಕಾ" ಎಂದೆ. "ಭಾಳ ಇತ್ತಂತ. ಮಲ್ಲಣ್ಣನೂ ಹೇಳಿದರು."